ಸ್ಪಷ್ಟನೆ: ಟಾಮ್ ಬ್ರೇಡಿಯನ್ನು ಯಾವ ತಂಡವೂ ಆರಿಸಲಿಲ್ಲ ಎಂಬುದು ನಿಜವಲ್ಲ

ಅಮೆರಿಕನ್ ಫುಟ್‌ಬಾಲ್ ಆಟಗಾರ ಟಾಮ್ ಬ್ರೇಡಿಯನ್ನು ಎಲ್ಲ ತಂಡಗಳೂ ತಿರಸ್ಕರಿಸಿದ್ದವು, ಬರೀ ಆತ್ಮವಿಶ್ವಾಸದಿಂದ ಅವರು ರಾತ್ರೋರಾತ್ರಿ ತಾರೆಯಾದರು ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ತಪ್ಪು.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುತ್ತವೆ. 2000ರ ಆ ಆಯ್ಕೆಯ ಆರನೇ ಸುತ್ತಿನಲ್ಲಿ, 199ನೆಯವರಾಗಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಅವರನ್ನು ಆರಿಸಿತು. ಅವರಿಗಿಂತ ಮೊದಲೇ, ಅವರಂತೆಯೇ ಚೆಂಡೆಸೆದು ದಾಳಿ ಮುನ್ನಡೆಸುವ ಆರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾಗಿದ್ದರು. ಅವಕಾಶ ತಡವಾಯಿತು, ತಪ್ಪಲಿಲ್ಲ.

‘ರಾತ್ರೋರಾತ್ರಿ’ ಎಂಬ ಮಾತು ನನ್ನನ್ನು ಹೆಚ್ಚು ನೋಯಿಸುತ್ತದೆ. ಅದು ಅವರ ದುಡಿಮೆಯನ್ನೇ ಅಳಿಸಿಹಾಕುತ್ತದೆ. ಮೊದಲ ವರ್ಷವಿಡೀ ಅವರು ಎಸೆದದ್ದು ಮೂರೇ ಪಾಸ್. ಕೈಸೇರಿದ್ದು ಒಂದು, ಗಳಿಕೆ 6 ಗಜ. 2001ರಲ್ಲಿ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋ ಗಾಯಗೊಂಡ ಮೇಲಷ್ಟೇ ಸ್ಥಾನ ಸಿಕ್ಕಿತು. ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ನಂತರವೂ, ಹದಿಹರೆಯದಲ್ಲಿ ಎಸೆತ ಕಲಿಸಿದ ಟಾಮ್ ಮಾರ್ಟಿನೆಜ್ ಅವರ ಬಳಿಗೇ ಮರಳಿ, ಎಳೆಯ ಶಿಷ್ಯನಂತೆ ತಪ್ಪು ತಿದ್ದಿಸಿಕೊಳ್ಳುತ್ತಿದ್ದರು. ಗೆದ್ದವರಿಗೆ ಕೊಡುವ ಸೂಪರ್ ಬೌಲ್ ಉಂಗುರಗಳಲ್ಲಿ ಯಾವುದು ಅಚ್ಚುಮೆಚ್ಚು ಎಂದು ಕೇಳಿದರೆ, ಮುಂದಿನದು ಎನ್ನುತ್ತಿದ್ದರು. ಏಳನೆಯದು ಬಂದದ್ದು 2021ರಲ್ಲಿ, ಟ್ಯಾಂಪಾ ಬೇ ತಂಡದ ಪರ, 43ನೇ ವಯಸ್ಸಿನಲ್ಲಿ.

ಸಂದೇಶವನ್ನು ಹಂಚಲೇಬೇಕೆಂದಿರುವವರು ದಯವಿಟ್ಟು ಆ 199 ಎಂಬ ಸಂಖ್ಯೆಯನ್ನೂ ಸೇರಿಸಿ ಹಂಚಿ.