ಚೀರಬ್ಯಾಡ್ರಿ, ಮುಂದ ಬಂದು ಮಾತಾಡ್ರಿ

ನಿನ್ನೆ ರಬಕವಿಯಲ್ಲಿ ಬೀಗರ ಮನೆಯ ಕುಬಸ, ಅಂದ್ರ ಸೀಮಂತ. ಅವ್ವ ಊಟಕ್ಕೆ ಕುಂತಿದ್ದಳು. ಬಡಿಸುವ ಹುಡುಗ ಬೆನ್ನ ಹಿಂದಿನಿಂದ ಏನೋ ಕೇಳಿದ, ಅವ್ವ ತಿರುಗಲಿಲ್ಲ. ಪಕ್ಕದಲ್ಲಿದ್ದವರು ಅವಳ ಕಿವಿಗೆ ಬಾಯಿ ಹಚ್ಚಿ "ಹೋಳಿಗಿ ಬೇಕೇನ್ ಅಂತ!" ಎಂದು ಇಡೀ ಪಂಕ್ತಿ ತಿರುಗಿ ನೋಡುವ ಹಂಗ ಚೀರಿದರು. ಅವ್ವ ಬೆಚ್ಚಿ ಕಿವಿ ಮಷೀನ್ ಹಿಡಕೊಂಡಳು. ನಾಕು ಮಂದಿ ನಕ್ಕರು. "ಬ್ಯಾಡ" ಅಂದಳು. ಹೋಳಿಗಿ ಅಂದ್ರ ಜೀವ ಬಿಡುವಾಕಿ!

ನನಗ ಸಿಟ್ಟು ಇನ್ನೂ ಇಳಿದಿಲ್ಲ.

ಬನಹಟ್ಟಿಯ ನಮ್ಮ ಮನೆ ನೋಡಿದವರಿಗೆ ಗೊತ್ತು. ಪಡಸಾಲೆಯಲ್ಲಿ ನಾಲ್ಕು ಪಾವರ್‌ಲೂಮ್, ಅದರ ಮಗ್ಗುಲಲ್ಲೇ ಕುಂತು ಅವ್ವ ಜೀವನಪೂರ್ತಿ ಮಗ್ಗಕ್ಕೆ ಹಾಕುವ ನೂಲಿನ ಕಂಡಿಕೆ ಸುತ್ತಿದಳು. 85 ಡೆಸಿಬೆಲ್ ಮೀರಿದ ಸದ್ದಿನಲ್ಲಿ ದಿನಾ 8 ತಾಸಿನಂತೆ ವರ್ಷಗಟ್ಟಲೆ ಕುಂತರೆ ಒಳಕಿವಿಯ ಸೂಕ್ಷ್ಮ ಜೀವಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 4000 ಹರ್ಟ್ಸ್ ಸುತ್ತಲಿನ ತೀಕ್ಷ್ಣ ಸದ್ದು. ಸ, ಶ, ಚ, ತ, ಕ ಸ್ಪಷ್ಟವಾಗಿ ಕೇಳಲು ಆ ಭಾಗವೇ ಬೇಕು. ಅದಕ್ಕೇ ಯಾರೋ ಮಾತಾಡುತ್ತಿದ್ದಾರೆ ಅನ್ನುವುದು ಅವ್ವನಿಗೆ ಕೇಳುತ್ತದೆ. ಆದರೆ ‘ಹಾಸು’ ಅಂದರೋ ‘ಹಾಕು’ ಅಂದರೋ ತಿಳಿಯುವುದಿಲ್ಲ.

ಚೀರಿದರೆ ಏನಾಗುತ್ತದೆ? ‘ಆ’ ದೊಡ್ಡದಾಗುತ್ತದೆ, ‘ಸ’ ಅಷ್ಟೇ ಸಣ್ಣದಾಗಿ ಉಳಿಯುತ್ತದೆ. ಬಾಯಿ ಸೊಟ್ಟಗಾಗಿ ತುಟಿ ಓದುವುದೂ ಕಷ್ಟ. ಮೇಲಾಗಿ ಹಿಂಗ ಕೆಟ್ಟ ಕಿವಿಗೆ ಮೆಲ್ಲನೆಯ ಮಾತು ಕೇಳುವುದಿಲ್ಲ, ಜೋರು ಸದ್ದು ಮಾತ್ರ ನಮಗೆ ಬಡಿದಷ್ಟೇ ಬಡಿಯುತ್ತದೆ. ನೋವೂ ಆಗುತ್ತದೆ.

"ಮಷೀನ್ ಹಾಕ್ಕೊಂಡಾಳಲ್ಲ, ಮತ್ಯಾಕ ಕೇಳಂಗಿಲ್ಲ?" ಅನ್ನುತ್ತೀರಿ. ಮಷೀನು ಚಾಳೀಸಿನಂತೆ ಅಲ್ಲರೀ, ಹಾಕಿದ ಕೂಡಲೇ ಎಲ್ಲ ನಿಚ್ಚಳ ಆಗುವುದಿಲ್ಲ. ಮಿದುಳಿಗೆ ರೂಢಿಯಾಗಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಗದ್ದಲದಲ್ಲಿ ಅದು ನಿಮ್ಮ ಮಾತಿನ ಜೋಡಿ ತಾಟು, ಫ್ಯಾನು, ಕೂಸಿನ ಅಳು ಎಲ್ಲವನ್ನೂ ಹೆಚ್ಚು ಮಾಡಿ ಕೊಡುತ್ತದೆ.

ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಹಿಂಗ ಚೀರುವವರು ನಮ್ಮವರೇ, ನೇಕಾರರೇ! ಮಗ್ಗ ನಡೆದಾಗ ಮಗ್ಗದ ಮನೆಯಲ್ಲಿ ಯಾರಾದರೂ ಚೀರಿ ಮಾತಾಡಿದ್ದು ನೋಡೀರೇನು? ಅಪ್ಪ ಅವ್ವನ ಎದುರಿಗೆ ಬಂದು ನಿಲ್ಲುತ್ತಿದ್ದ. ಅವಳು ಮುಖ ಎತ್ತುವ ತನಕ ಕಾಯುತ್ತಿದ್ದ. ಬೆರಳಲ್ಲಿ ಎಳೆ ತೋರಿಸಿ, ತುಟಿ ಬಿಡಿಸಿ "ಕೆಂಪು" ಅಂದರೆ ಸಾಕು, ಅವ್ವ ಕೆಂಪು ನೂಲಿನ ಕಂಡಿಕೆ ಕೊಡುತ್ತಿದ್ದಳು. ಆಕಿ ತುಟಿ ಓದಲು ಕಲಿತದ್ದೇ ಅಲ್ಲಿ. ಈ ವಿದ್ಯೆ ನಿಮಗೂ ಬರುತ್ತದೆ. ಮಗ್ಗ ನಿಂತ ಮೇಲೆ ಅದನ್ನು ಯಾಕೆ ಬಿಟ್ಟಿರಿ?

ಹಿಂದಿನಿಂದ ಕೂಗಬೇಡಿ. ಭುಜ ಮುಟ್ಟಿ, ಎದುರಿಗೆ ಬನ್ನಿ, ಬೆಳಕು ನಿಮ್ಮ ಮುಖದ ಮೇಲೆ ಇರಲಿ. ಎಲಿ ಅಡಿಕೆ ಬಾಯಲ್ಲಿ ಇಟ್ಟುಕೊಂಡು ಮಾತಾಡಬೇಡಿ. ಯಾವ ವಿಷಯ ಅಂತ ಮೊದಲು ಹೇಳಿ. ತಿಳಿಯದಿದ್ದರೆ ಅದನ್ನೇ ಮತ್ತೆ ಮತ್ತೆ ಅನ್ನದೆ ಬೇರೆ ಮಾತಿನಲ್ಲಿ ಹೇಳಿ. "ಏನಿಲ್ಲ ಬಿಡು" ಮಾತ್ರ ಅನ್ನಬೇಡಿ.

ಇತ್ತೀಚೆಗೆ ಅವ್ವ ಏನೂ ತಿಳಿಯದಿದ್ದರೂ ನಕ್ಕು ಗೋಣು ಹಾಕಿಬಿಡುತ್ತಾಳೆ. ನನಗ ಅದರದೇ ಅಂಜಿಕೆ. ನಿನ್ನೆ ಬಸ್ಸಿನಲ್ಲಿ "ಮಹಾಲಿಂಗಪುರದ ಮದಿವಿಗೆ ನೀವ ಹೋಗಿ ಬರ್ರಿ, ನಾ ಬರಂಗಿಲ್ಲ" ಅಂದಳು. ಊರ ಮಂದಿಯ ಸುದ್ದಿಯೆಲ್ಲ ಬಾಯಿತುದಿಯಲ್ಲಿ ಇದ್ದಾಕಿ!

ಅವ್ವನನ್ನು ಮದುವೆಗೆ ಕರಕೊಂಡೇ ಬರುತ್ತೇನೆ. ಮದುವೆ ಮನೆಯವರೇ, ನಮ್ಮ ಕುರ್ಚಿ ಸ್ಪೀಕರಿನಿಂದ ದೂರ ಹಾಕಿಸಿರಿ. ಅವ್ವನ ಎದುರಿಗೆ ಒಂದು ಕುರ್ಚಿ ಖಾಲಿ ಇಟ್ಟಿರುತ್ತೇನೆ. ಮಾತಾಡಬೇಕು ಅನ್ನಿಸಿದವರು ಅಲ್ಲೇ ಬಂದು ಕುಂತು ಮಾತಾಡ್ರಿ.