ಬ್ರಾಜಾ ಕೊನೆಗೆ ಕಂಡದ್ದು

ಕಾಂಗೊ ನದಿಯ ಎರಡು ದಡಗಳಲ್ಲಿ ಎದುರುಬದುರಾಗಿ ಎರಡು ದೇಶಗಳ ರಾಜಧಾನಿಗಳಿವೆ, ಆಚೆ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ್ದು, ಈಚೆ ಕಾಂಗೊ ಗಣರಾಜ್ಯದ್ದು. ಆಚೆಯ ಲಿಯೊಪೋಲ್ಡ್‌ವಿಲ್ 1966ರಲ್ಲಿ ಕಿನ್ಶಾಸ ಆಯಿತು. ಈಚೆಯದು ಇವತ್ತಿಗೂ ಬ್ರಾಜಾವಿಲ್. ತಮ್ಮನ್ನು ಆಳಲು ಬಂದವನ ಹೆಸರನ್ನು ಜನ ಯಾಕೆ ಉಳಿಸಿಕೊಂಡರು ಅಂತ ಓದುತ್ತಾ ಹೋದೆ. ಒಂದು ವಾರವಾಯಿತು, ಈ ಮನುಷ್ಯ ನನ್ನ ತಲೆಯಿಂದ ಇಳಿದಿಲ್ಲ.

ಪಿಯರ್ ಸವೋರ್ನ್ಯಾನ್ ದ ಬ್ರಾಜಾ ಹುಟ್ಟಿದ್ದು 1852ರಲ್ಲಿ, ಇಟಲಿಯ ದೊಡ್ಡ ಮನೆತನದಲ್ಲಿ. ಫ್ರಾನ್ಸಿನ ನೌಕಾಪಡೆ ಸೇರಿ ಅಲ್ಲಿಯವನೇ ಆದ. 1875ರಲ್ಲಿ ಇವತ್ತಿನ ಗ್ಯಾಬೊನ್‌ನ ಒಗೊವೆ ನದಿ ಹಿಡಿದು ಒಳನಾಡಿಗೆ ಹೊರಟ. ಅದೇ ಕಾಲದಲ್ಲಿ ಇನ್ನೊಬ್ಬ ಅನ್ವೇಷಕ ಸ್ಟ್ಯಾನ್ಲಿ ಗುಂಡು ಹಾರಿಸುತ್ತಾ ದಾರಿ ಮಾಡಿಕೊಳ್ಳುತ್ತಿದ್ದರೆ, ಬ್ರಾಜಾ ಸ್ವಲ್ಪವೇ ಜನರೊಂದಿಗೆ, ಆದಷ್ಟೂ ಮಾತು ಮತ್ತು ಉಡುಗೊರೆಗಳಿಂದ ಮುಂದೆ ಹೋದ. 1880ರ ಸೆಪ್ಟೆಂಬರ್ 10ರಂದು ತೆಕೆ ಜನರ ರಾಜ ಮಕೋಕೊ ಜೊತೆ, ಅವನ ನಾಡು ಫ್ರಾನ್ಸಿನ ಆಶ್ರಯಕ್ಕೆ ಬರುವ ಒಪ್ಪಂದವಾಯಿತು. ತನ್ನ ನಾಡನ್ನೇ ಬರೆದುಕೊಡುತ್ತಿದ್ದೇನೆ ಅಂತ ಮಕೋಕೊಗೆ ಅವತ್ತು ಗೊತ್ತಿತ್ತು ಅಂದರೆ ನಾನಂತೂ ನಂಬುವುದಿಲ್ಲ.

ಇಲ್ಲಿ ಮಲಾಮಿನ್ ಕಮಾರಾ ಬಗ್ಗೆ ಹೇಳಲೇಬೇಕು. ಸೆನೆಗಲ್‌ನ ಸಾರ್ಜೆಂಟ್. ನದಿ ದಡದ ಠಾಣೆಯಲ್ಲಿ ಬ್ರಾಜಾ ಅವನನ್ನು ಬೆರಳೆಣಿಕೆಯ ಜನರೊಂದಿಗೆ ಬಿಟ್ಟು ಹೋಗಿದ್ದ. 1881ರಲ್ಲಿ ಸ್ಟ್ಯಾನ್ಲಿ ಬೆಲ್ಜಿಯಂ ರಾಜ ಲಿಯೊಪೋಲ್ಡನ ಪರವಾಗಿ ಬಂದಾಗ ಮಲಾಮಿನ್ ಒಪ್ಪಂದದ ಕಾಗದ ತೋರಿಸಿದ, ಜಾಗ ಬಿಡಲಿಲ್ಲ. ಸ್ಟ್ಯಾನ್ಲಿ ಆಚೆ ದಡಕ್ಕೆ ಹೋಗಬೇಕಾಯಿತು. ಇವತ್ತು ಆ ನದಿಯೇ ಎರಡು ದೇಶಗಳ ಗಡಿ. ಅದರಲ್ಲಿ ಇವನ ಪಾಲು ಎಷ್ಟು ದೊಡ್ಡದು ಅಲ್ವಾ?

1886ರಿಂದ ಸುಮಾರು 12 ವರ್ಷ ಬ್ರಾಜಾ ಅಲ್ಲಿಯ ಆಡಳಿತ ನೋಡಿಕೊಂಡ. ಲಾಭ ಬರುತ್ತಿಲ್ಲ ಅನ್ನುವ ದೂರು ಪ್ಯಾರಿಸ್‌ನಲ್ಲಿ ಜಾಸ್ತಿಯಾಗಿ ಕೆಲಸದಿಂದ ತೆಗೆದರು. ಮರುವರ್ಷವೇ, 1899ರಲ್ಲಿ, ಸುಮಾರು 40 ಕಂಪನಿಗಳಿಗೆ ಕಾಡು, ನದಿ, ಜನ ಎಲ್ಲವನ್ನೂ ಹಂಚಿಬಿಟ್ಟರು. ಗಂಡಸರು ಕಾಡಿಗೆ ಹೋಗಿ ರಬ್ಬರ್ ತರಲಿ ಅಂತ ಅವರ ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟುಕೊಳ್ಳುವ ಪದ್ಧತಿ ಶುರುವಾಯಿತು. 1903ರ ಜುಲೈ 14ರಂದು, ಫ್ರಾನ್ಸಿನ ರಾಷ್ಟ್ರೀಯ ಹಬ್ಬದ ದಿನ, ಒಬ್ಬ ಕೈದಿಯನ್ನು ಡೈನಮೈಟ್ ಕಟ್ಟಿ ಕೊಂದರು. ಕೊಂದವರು ಅಧಿಕಾರಿಗಳೇ.

ಆ ಸುದ್ದಿ ಪ್ಯಾರಿಸ್ ಪತ್ರಿಕೆಗಳಿಗೆ ಬಂದ ಮೇಲೆ ತನಿಖೆಗೆ ಕಳಿಸಿದ್ದು ಬ್ರಾಜಾನನ್ನೇ. 1905ರಲ್ಲಿ ಹೆಂಡತಿ ತೆರೇಸ್ ಜೊತೆ, ಕೆಟ್ಟ ಆರೋಗ್ಯದಲ್ಲೇ ಹೋದ. ಬಾಂಗಿಯಲ್ಲಿ (ಇವತ್ತಿನ ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ) ಕಿಟಕಿಯಿಲ್ಲದ ಗುಡಿಸಲಿನಲ್ಲಿ ಕೂಡಿಹಾಕಿದ್ದ ಹೆಂಗಸರು ಮಕ್ಕಳ ವಿಷಯ ಗೊತ್ತಾಯಿತು. ಅವರಲ್ಲಿ ಬಹಳಷ್ಟು ಜನ ಅಲ್ಲೇ ಸತ್ತಿದ್ದರು. ಇವನು ಮಾತು ಕೊಟ್ಟು ಸ್ನೇಹ ಮಾಡಿದ್ದ ನಾಡು ಅದು. ಫ್ರಾನ್ಸಿಗೆ ಆ ನಾಡಿನ ಬಾಗಿಲು ತೆರೆದದ್ದೂ ಇವನೇ. ಆ ದಿನಗಳಲ್ಲಿ ಅವನಿಗೆ ನಿದ್ದೆ ಹೇಗೆ ಬಂದಿರಬೇಕು ಅಂತ ನಾನು ಯೋಚಿಸುತ್ತಲೇ ಇದ್ದೇನೆ. ವಾಪಸ್ ಬರುವಾಗ ಸೆಪ್ಟೆಂಬರ್‌ನಲ್ಲಿ ಡಾಕರ್‌ನಲ್ಲಿ ತೀರಿಕೊಂಡ.

ಪ್ಯಾರಿಸ್‌ನಲ್ಲಿ ಸರ್ಕಾರಿ ಗೌರವದ ಶವಯಾತ್ರೆ ಮಾಡಿದರು. ಅವನು ಕಲೆಹಾಕಿದ್ದರಿಂದ ತಯಾರಾದ ವರದಿಯನ್ನು ಮಾತ್ರ 1907ರಲ್ಲಿ ಹತ್ತೇ ಪ್ರತಿ ಅಚ್ಚು ಹಾಕಿ ಮುಚ್ಚಿಟ್ಟರು. ಅದು ಪುಸ್ತಕವಾಗಿ ಜನರ ಕೈಗೆ ಸಿಕ್ಕಿದ್ದು 2014ರಲ್ಲಿ! ಅವನನ್ನು "ಒಳ್ಳೆಯ ವಸಾಹತುಗಾರ" ಅಂತ ಹೊಗಳುವವರು 1880ರ ಕಥೆಯಲ್ಲೇ ನಿಂತುಬಿಡುತ್ತಾರೆ. ನನಗೆ ಅವನ ಮೇಲೆ ಗೌರವ ಬಂದದ್ದು 1905ರಿಂದ. ತನ್ನ ಕೆಲಸದ ಫಲವನ್ನು ತಾನೇ ಹೋಗಿ ನೋಡಿ, ಕಂಡದ್ದನ್ನು ಬರೆದಿಟ್ಟ.

2006ರಲ್ಲಿ ಅವನ ಅಸ್ಥಿಯನ್ನು, ಅವನ ಸಮಾಧಿಯಿದ್ದ ಅಲ್ಜೀರಿಯದ ಅಲ್ಜಿಯರ್ಸ್‌ನಿಂದ ಬ್ರಾಜಾವಿಲ್‌ಗೆ ತಂದು ಅಮೃತಶಿಲೆಯ ದೊಡ್ಡ ಸ್ಮಾರಕದಲ್ಲಿ ಇಟ್ಟರು. ಇಷ್ಟು ಖರ್ಚು ಯಾಕೆ ಅಂತ ಅಲ್ಲಿಯ ಜನರೇ ಕೇಳಿದರು, ಕೇಳಿದ್ದು ಸರಿ. ನನ್ನನ್ನು ಕೇಳಿದರೆ, ಆ ದುಡ್ಡಿನ ಒಂದು ಪಾಲಲ್ಲಿ ಆ ವರದಿಯನ್ನು ಅಚ್ಚು ಹಾಕಿಸಿ ಊರಿನ ಪ್ರತಿ ಶಾಲೆಗೂ ಹಂಚಬಹುದಿತ್ತು.