ಬೊಕೆ ಬಂದಿದೆ, ಮಗು ಬಂದಿಲ್ಲ

ಫೋಟೋ ತೆಗೆಯುವುದನ್ನು ನಾನಿನ್ನೂ ಕಲಿತಿಲ್ಲ. ತೆಗೆದ ಫೋಟೋ ಬಗ್ಗೆ ಮಾತಾಡುವುದನ್ನು ಮಾತ್ರ ಮೊದಲ ವಾರದಲ್ಲೇ ಕಲಿತುಬಿಟ್ಟೆ.

ಮೊದಲ ಪಾಠ ಆಗಿದ್ದು ರಂಗನತಿಟ್ಟಿನಲ್ಲಿ. ಕಂತಿನ ಮೇಲೆ ಕ್ಯಾಮೆರಾ ತಗೊಂಡು ಐದು ದಿನವೂ ಆಗಿರಲಿಲ್ಲ. ಭಾನುವಾರ ಬೆಳ್ಳಂಬೆಳಗ್ಗೆ ಮೈಸೂರಿನ ಹವ್ಯಾಸಿಗಳ ಗುಂಪೊಂದರ ಜೊತೆ ಹೊರಟೆ. ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಮಹಾರಾಜರಿಗೆ ಹೇಳಿ, 1940ರಲ್ಲಿ ಆ ಜಾಗ ಪಕ್ಷಿಧಾಮ ಆಯಿತು. ಅಂದಿನಿಂದ ಇಂದಿನವರೆಗೆ ಅಲ್ಲಿನ ಹಕ್ಕಿಗಳಿಗೆ ನನ್ನಷ್ಟು ನಿರುಪದ್ರವಿ ಫೋಟೋಗ್ರಾಫರ್ ಸಿಕ್ಕಿರಲಿಕ್ಕಿಲ್ಲ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಮಿಂಚುಳ್ಳಿ ಕೂತಿತ್ತು. ನಾನು ಲೆನ್ಸಿನ ಮುಚ್ಚಳ ತೆಗೆದೆ. ಕ್ಯಾಮೆರಾ ಆನ್ ಮಾಡಿದೆ. ಉಸಿರು ಬಿಗಿಹಿಡಿದು ಒತ್ತಿದೆ. ಪರದೆಯಲ್ಲಿ ನೋಡಿದರೆ ಕೊಂಬೆ ಇದೆ, ಮಿಂಚುಳ್ಳಿ ಇಲ್ಲ.

ಗುಂಪಿನ ಹಿರಿಯರೊಬ್ಬರು ಬಗ್ಗಿ ನೋಡಿದರು. ಡಿಲೀಟ್ ಮಾಡಿ ಅಂತಾರೆ ಅಂದುಕೊಂಡೆ. ಅವರು ತಲೆದೂಗಿ, "ಒಳ್ಳೇ ಮಿನಿಮಲಿಸ್ಟ್ ಫ್ರೇಮು. ನೆಗೆಟಿವ್ ಸ್ಪೇಸ್ ಚೆನ್ನಾಗಿ ಬಳಸಿದ್ದೀರಿ" ಅಂದರು. ಅಂದರೆ, ಖಾಲಿ ಬಿಟ್ಟ ಜಾಗ.

ತಮಾಷೆಗೆ ಹೇಳಿದರೋ ನಿಜವಾಗಿಯೋ, ಇವತ್ತಿಗೂ ಗೊತ್ತಿಲ್ಲ. ಆದರೆ ನನಗೆ ದಾರಿ ಕಾಣಿಸಿತು. ಈ ಲೋಕದಲ್ಲಿ ಪ್ರತಿ ತಪ್ಪಿಗೂ ಒಂದು ಮರ್ಯಾದಸ್ಥ ಹೆಸರಿದೆ. ಹಕ್ಕಿ ಸಾಸಿವೆ ಕಾಳಿನಷ್ಟು ಬಂದರೆ ಅದು ಹ್ಯಾಬಿಟಾಟ್ ಶಾಟ್. ಸಾಸಿವೆಯೂ ಮಸುಕಾಗಿದ್ದರೆ ರೆಕಾರ್ಡ್ ಶಾಟ್. ಅಂದರೆ, ಫೋಟೋ ಹೇಗಾದರೂ ಇರಲಿ, ಆ ಹಕ್ಕಿಯನ್ನು ನಾನು ಕಂಡಿದ್ದು ನಿಜ ಅನ್ನೋದಕ್ಕೆ ಸಾಕ್ಷಿ. ಬೆಳಕಿಗೆ ಎದುರಾಗಿ ನಿಂತು ಎಲ್ಲರ ಮುಖ ಕಪ್ಪಾದರೆ ಸಿಲೂಯೆಟ್. ಬೆಳಕು ಜಾಸ್ತಿಯಾಗಿ ಮುಖ ಸುಣ್ಣ ಹೊಡೆದ ಗೋಡೆಯಂತಾದರೆ ಹೈ ಕೀ. ಫೋಕಸ್ ತಪ್ಪಿದೆ ಅಂತ ಯಾರೂ ಅನ್ನುವುದಿಲ್ಲ, 'ಸ್ವಲ್ಪ ಸಾಫ್ಟ್ ಇದೆ' ಅನ್ನುತ್ತಾರೆ, ಇಡ್ಲಿಗೆ ಹೇಳಿದ ಹಾಗೆ.

ಅವತ್ತೇ ವಾಪಸ್ ಬರುವಾಗ ಮೊಸಳೆ ತೋರಿಸಲು ದೋಣಿಯವನು ದೋಣಿ ತಿರುಗಿಸಿದ. ನನ್ನ ಬೆರಳು ತಾನಾಗಿ ಒತ್ತಿತು. ಬಂದದ್ದು ಹಸಿರು, ಕಂದು, ಬಿಳಿ ಗೆರೆಗಳು, ಅಷ್ಟೇ. ಅದಕ್ಕೂ ಹೆಸರಿತ್ತು: ಇಂಟೆನ್ಷನಲ್ ಕ್ಯಾಮೆರಾ ಮೂವ್‌ಮೆಂಟ್. ಬೇಕಂತಲೇ ಕ್ಯಾಮೆರಾ ಅಲ್ಲಾಡಿಸಿ ತೆಗೆಯುವ ಒಂದು ಪದ್ಧತಿಯೇ ಉಂಟಂತೆ. ಇದಕ್ಕಿಂತ ಒಳ್ಳೆಯ ಜಾಮೀನು ಯಾವ ವಕೀಲ ಕೊಡಿಸಿಯಾನು?

ನಮ್ಮ ಅಮ್ಮನ ಕಾಲದ ಸ್ಟುಡಿಯೋದವರಿಗೆ ಇಷ್ಟೆಲ್ಲ ಪದ ಬೇಕಿರಲಿಲ್ಲ. "ಗಲ್ಲ ಸ್ವಲ್ಪ ಕೆಳಗೆ. ಕಣ್ಣು ಮುಚ್ಚಬೇಡಿ. ರೆಡೀ..." ಅಲ್ಲಿಗೆ ಮುಗಿಯಿತು. ಒಂದು ರೋಲಿಗೆ 36 ಫೋಟೋ, ಮಾತಿನಲ್ಲೂ ಹಾಗೇ ಜಿಪುಣತನ. ಹಾಗೆ ನೋಡಿದರೆ ಕನ್ನಡದಲ್ಲೇ ಫೋಟೋ ತೆಗೆಯುವವನಿಗೆ ದೊಡ್ಡ ರಕ್ಷಣೆ ಇದೆ. ನಾವು 'ನೀನು ಚೆನ್ನಾಗಿ ತೆಗೆದಿಲ್ಲ' ಅನ್ನೋದು ಕಡಿಮೆ. 'ನಾನು ಇದರಲ್ಲಿ ಚೆನ್ನಾಗಿ ಬಂದಿಲ್ಲ' ಅನ್ನುತ್ತೇವೆ. ಬರಬೇಕಾದವರು ಅವರು. ಬರದಿದ್ದರೆ ಪಾಪ, ಕ್ಯಾಮೆರಾದವನು ಏನು ಮಾಡಿಯಾನು?

ಈ ಧೈರ್ಯದಲ್ಲೇ ತಂಗಿಯ ಮಗುವಿನ ನಾಮಕರಣದ ಫೋಟೋ ಒಪ್ಪಿಕೊಂಡಿದ್ದು. "ಹೇಗೂ ನಿನ್ನ ಹತ್ರ ಕ್ಯಾಮೆರಾ ಇದೆಯಲ್ಲೋ, ಸುಮ್ನೆ ಇನ್ನೊಬ್ಬರಿಗೆ ಯಾಕೆ ಹದಿನೈದು ಸಾವಿರ" ಅಂದರು ಅಮ್ಮ. ಸೋದರಮಾವ ಬೇರೆ. ಇಲ್ಲ ಅನ್ನೋಕಾಗುತ್ತಾ?

ಅದಕ್ಕೆ ಅಂತಲೇ ಹೊಸ ಲೆನ್ಸ್ ತಂದೆ. 50 ಎಂ.ಎಂ., ಎಫ್ 1.8. ಅದರ ಹೆಗ್ಗಳಿಕೆ ಅಂದರೆ ಎದುರಿಗೆ ಇರುವುದು ಖಚಿತ, ಹಿಂದಿರುವುದೆಲ್ಲ ಬೆಣ್ಣೆಯ ಹಾಗೆ ಕರಗಿಹೋಗುತ್ತದೆ. ಅಂಗಡಿಯವನು ಒಂದು ಮಾತು ಹೇಳಲಿಲ್ಲ. ಒಂದು ಮೀಟರ್ ದೂರದಲ್ಲಿ ನಿಂತು ತೆಗೆದರೆ, ನನ್ನಂಥ ಸಾಧಾರಣ ಕ್ಯಾಮೆರಾದಲ್ಲಿ ಅದರ ಖಚಿತ ಭಾಗದ ಆಳ ಬರೀ ಮೂರು ಸೆಂಟಿಮೀಟರ್ ಆಸುಪಾಸು. ಮೂಗು ಸಿಕ್ಕರೆ ಕಿವಿ ಇಲ್ಲ, ಕಿವಿ ಸಿಕ್ಕರೆ ಮೂಗಿಲ್ಲ. ಅಲ್ಲಾಡದೆ ಕೂತವರಿಗೇ ಹೀಗೆ. ಇನ್ನು ಮೂರು ತಿಂಗಳ ಮಗು ಕೇಳಬೇಕಾ?

ಹಿಂದೆ ಕರಗುವ ಆ ಮಸುಕಿಗೇ ಬೊಕೆ ಅನ್ನುವುದು. ಜಪಾನಿ ಮಾತು. ಅಲ್ಲಿ ಅದಕ್ಕೆ ಮಬ್ಬು, ಮಸುಕು ಅಂತ ಅರ್ಥ. ವಯಸ್ಸಾದವರ ಅರಳುಮರಳಿಗೂ ಅದೇ ಪದ ಬಳಸುತ್ತಾರಂತೆ. 1997ರಲ್ಲಿ ಅಮೆರಿಕದ ಒಂದು ಫೋಟೋಗ್ರಫಿ ಪತ್ರಿಕೆ ಇದನ್ನು ಇಂಗ್ಲಿಷಿಗೆ ತಂದಾಗ ಓದುವವರು 'ಬೋಕ್' ಅಂದುಬಿಟ್ಟಾರು ಅಂತ ಕೊನೆಗೊಂದು 'ಎಚ್' ಅಕ್ಷರ ಅಂಟಿಸಿದರು. ಉಚ್ಚಾರದ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದವರು ನಮ್ಮ ಮನೆಯವರನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ.

ನಾಮಕರಣದ ದಿನ ಛತ್ರದಲ್ಲಿ ಏನಾಯಿತು ಅಂತ ಜಾಸ್ತಿ ಹೇಳುವುದಿಲ್ಲ. ಬಗ್ಗಿದೆ, ಕುಕ್ಕರುಗಾಲಲ್ಲಿ ಕೂತೆ, ಪುರೋಹಿತರ ಕೈಲಿ ಎರಡು ಸಲ "ಸ್ವಲ್ಪ ಆ ಕಡೆ" ಅನ್ನಿಸಿಕೊಂಡೆ. ಸಂಜೆ ಊಟವೆಲ್ಲ ಮುಗಿದ ಮೇಲೆ ತಂಗಿಯ ಮನೆ ಹಾಲಿನಲ್ಲಿ ಟಿವಿಗೆ ಪೆನ್ ಡ್ರೈವ್ ಚುಚ್ಚಿದೆ. ಇಪ್ಪತ್ತು ಜನ ಕೂತಿದ್ದರು. ಬೀಗರು, ಅಂದರೆ ತಂಗಿಯ ಮಾವ, ಮುಂದಿನ ಸೋಫಾದಲ್ಲಿ.

ಐ.ಎಸ್.ಒ., ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಶಕ್ತಿ, ಏರಿಸಿದರೆ ಫೋಟೋ ಮೇಲೆ ರವೆ ಚೆಲ್ಲಿದಂತೆ ಚುಕ್ಕೆ ಬರುತ್ತವೆ. ಅದಕ್ಕೆ ನಾಯ್ಸ್ ಅಂತ ಹೆಸರು. ಮೊದಲನೇ ಫೋಟೋಕ್ಕೇ ನಾನು ಬೇಲಿ ಹಾಕಿದೆ. "ಒಳಗೆ ಬೆಳಕು ಕಮ್ಮಿ ಇತ್ತು. ಐ.ಎಸ್.ಒ. 6400ರಲ್ಲಿ ತೆಗೆದಿದ್ದು. ಸ್ವಲ್ಪ ನಾಯ್ಸ್ ಇದೆ."

"ಛತ್ರ ಅಂದ್ಮೇಲೆ ಗಲಾಟೆ ಇಲ್ದೆ ಇರುತ್ತೇನೋ" ಅಂದರು ದೊಡ್ಡಮ್ಮ. "ಅಡುಗೆಯವರದ್ದೇ ಅರ್ಧ."

ಎರಡನೆಯದು ತೊಟ್ಟಿಲಿನದು. ಎಡಗಡೆ ಮೂಲೆಯಲ್ಲಿ ತೊಟ್ಟಿಲು, ಉಳಿದದ್ದು ಪೂರ್ತಿ ಗೋಡೆ. ಅಪ್ಪ ಕನ್ನಡಕ ಏರಿಸಿದರು. "ಇಷ್ಟು ಜಾಗ ಯಾಕೋ ಖಾಲಿ ಬಿಟ್ಟೆ?"

"ಅದು ನೆಗೆಟಿವ್ ಸ್ಪೇಸ್ ಅಪ್ಪ."

"ಶುಭಕಾರ್ಯದಲ್ಲಿ ಅಂಥದ್ದೆಲ್ಲ ಯಾಕೆ?" ಅಂದರು ಅಪ್ಪ. ಅಮ್ಮ ತಟ್ಟನೆ ಎದ್ದು ಹೋಗಿ ದೇವರ ಮನೆಯ ದೀಪಕ್ಕೆ ಎಣ್ಣೆ ಹಾಕಿ ಬಂದರು.

ಮೂರನೆಯದೇ ಮುಖ್ಯವಾದದ್ದು. ಬೆಳ್ಳಿ ತಟ್ಟೆಯಲ್ಲಿ ಅಕ್ಕಿ ಹರಡಿ, ಅಪ್ಪನಾದವನು ಚಿನ್ನದ ಉಂಗುರದಿಂದ ಮಗುವಿನ ಹೆಸರು ಬರೆಯುವ ಗಳಿಗೆ. ಇಡೀ ಕಾರ್ಯಕ್ರಮದ ಜೀವಾಳವೇ ಅದು. ನನ್ನ ಫೋಟೋದಲ್ಲಿ ಹನ್ನೆರಡು ಅಕ್ಕಿ ಕಾಳು ಅದ್ಭುತವಾಗಿ ಬಂದಿದ್ದವು. ಒಂದರ ತುದಿ ಮುರಿದಿದ್ದೂ ಕಾಣುತ್ತಿತ್ತು. ಉಂಗುರ ಅಂದಾಜಿಗೆ ಗೊತ್ತಾಗುತ್ತಿತ್ತು. ತಂಗಿಯ ಗಂಡ ಒಂದು ಕೆನೆಬಣ್ಣದ ಮೋಡ. ಮಗು ಆ ಮೋಡದ ಪಕ್ಕ ಇನ್ನೊಂದು ಮರಿಮೋಡ. ಅದರ ಹಿಂದೆ, ದೀಪದ ಬೆಳಕು ಬಿದ್ದು, ದುಂಡಗೆ, ಹೊಳೆಯುತ್ತಾ, ಹುಣ್ಣಿಮೆ ಚಂದ್ರನಂಥದ್ದು ಒಂದು.

ಯಾರೂ ಮಾತಾಡಲಿಲ್ಲ. ಈ ಮೌನವನ್ನು ನಾನೇ ತುಂಬಬೇಕಿತ್ತು. ಎದ್ದು ಟಿವಿ ಹತ್ತಿರ ಹೋಗಿ, ಆ ದುಂಡನೆಯದರ ಮೇಲೆ ಬೆರಳಿಟ್ಟೆ.

"ಇಲ್ಲಿ ನೋಡಿ. ಎಂಥಾ ಬೊಕೆ! ಎಷ್ಟು ನುಣುಪು, ಎಷ್ಟು ಹೊಳಪು. ಇಷ್ಟು ದುಂಡಗಿನ ಬೊಕೆ ಬರಬೇಕಾದರೆ ಪುಣ್ಯ ಮಾಡಿರಬೇಕು."

ತಂಗಿ ಕಣ್ಣಲ್ಲೇ ಬೇಡ ಬೇಡ ಅನ್ನುತ್ತಿದ್ದಳು. ನನಗೆ ಗೊತ್ತಾಗಲಿಲ್ಲ. ಬೀಗರು ನಿಧಾನವಾಗಿ ತಮ್ಮ ತಲೆಯ ಮೇಲೆ ಕೈಯಾಡಿಸಿಕೊಂಡರು. ಆ ತಲೆಯಲ್ಲಿ ಕೂದಲು ಇಲ್ಲದೆ ಎಷ್ಟೋ ವರ್ಷ ಆಗಿತ್ತು. ಹಸೆಮಣೆಯ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದವರು ಅವರೇ.

"ಬೊಕ್ಕ ಅಂತ ನೇರವಾಗೇ ಹೇಳಪ್ಪ, ಪರವಾಗಿಲ್ಲ" ಅಂದರು. "ಬೆರಳಿಟ್ಟು ತೋರಿಸೋದೇನೂ ಬೇಕಾಗಿರಲಿಲ್ಲ."

"ಅಯ್ಯೋ, ಅದಲ್ಲ ಸಾರ್! ಬೊಕೆ, ಬೊಕೆ!"

ದೊಡ್ಡಮ್ಮ ನನ್ನ ಸಹಾಯಕ್ಕೆ ಬಂದರು. "ಅವನು ಹೂವಿನ ಬೊಕೆ ಅಂತಿದ್ದಾನೆ. ಅದೇ ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿ ಕೊಡ್ತಾರಲ್ಲ. ಎಲ್ಲೋ ಅದು, ಕಾಣ್ತಿಲ್ಲ?" ಮೂಲೆಯಲ್ಲಿದ್ದ ಅಜ್ಜಿಗೆ ಕಿವಿ ಮಂದ. ಅವರಿಗೆ ಕೇಳಿಸಿದ್ದು ಬೊಕ್ಕೆ. "ಯಾರಿಗೆ ಎದ್ದಿದೆ ಬೊಕ್ಕೆ? ಮಗೂಗಾ? ಬೇವಿನ ಸೊಪ್ಪು ತನ್ನಿ!" ಅಂತ ಗಾಬರಿಬಿದ್ದರು. ಅಲ್ಲಿಂದ ಕಾಲು ಗಂಟೆ ಮಗುವಿನ ಮೈ ಮೇಲೆ ಎಲ್ಲರೂ ಬೊಕ್ಕೆ ಹುಡುಕಿದರು. ಫೋಟೋದ ಮೇಲಿನ ಗಮನ ಹೋಯಿತಲ್ಲ ಅಂತ ನನಗೆ ಒಳಗೊಳಗೇ ಸಮಾಧಾನ.

ರಾತ್ರಿ ಮನೆಗೆ ಬರುವಾಗ ಹೆಂಡತಿಗೆ ಯುದ್ಧದ ಫೋಟೋಗ್ರಾಫರ್ ರಾಬರ್ಟ್ ಕಾಪಾನ ಕಥೆ ಹೇಳಿದೆ. ಎರಡನೇ ಮಹಾಯುದ್ಧ, 1944ರ ಜೂನ್ 6, ಫ್ರಾನ್ಸಿನ ನಾರ್ಮಂಡಿಯ ಕಡಲತೀರ. ಸೈನಿಕರ ಜೊತೆ ನೀರಿಗಿಳಿದು ತೆಗೆದ ಅವನ ಫೋಟೋಗಳು ಅಲ್ಲಾಡಿ ಮಸುಕಾಗಿದ್ದವು. ಆದರೂ ಲೈಫ್ ಪತ್ರಿಕೆ ಛಾಪಿಸಿತು. ಆ ಗಳಿಗೆಯ ಉದ್ವೇಗಕ್ಕೆ ಕ್ಯಾಮೆರಾ ಅಲುಗಿದೆ ಅಂತ ಕೆಳಗೆ ಬರೆಯಿತು. ಆಮೇಲೆ 1947ರಲ್ಲಿ ಅವನು ತನ್ನ ನೆನಪುಗಳ ಪುಸ್ತಕಕ್ಕೇ 'ಸ್ಲೈಟ್ಲಿ ಔಟ್ ಆಫ್ ಫೋಕಸ್' ಅಂತ ಹೆಸರಿಟ್ಟ.

"ಅಂಥವನ ಕೈಯೇ ನಡುಗಿದೆ" ಅಂದೆ.

"ಅವನ ಮೇಲೆ ಗುಂಡು ಹಾರಿಸ್ತಿದ್ರು" ಅಂದಳು. "ನಿಮ್ಮ ಮೇಲೆ ಬಿದ್ದಿದ್ದು ಅಕ್ಷತೆ."

ತಿಂಗಳಾದ ಮೇಲೆ ತಂಗಿಯ ಮನೆಗೆ ಹೋದಾಗ ಹಾಲಿನ ಗೋಡೆಯ ಮೇಲೆ ನಾಮಕರಣದ ದೊಡ್ಡ ಫೋಟೋ. ಚೆಂದದ ಕಟ್ಟು ಹಾಕಿಸಿದ್ದರು. ತಟ್ಟೆ, ಅಕ್ಕಿ, ಉಂಗುರ, ಮಗು, ಮಗುವಿನ ಬಾಯಲ್ಲಿ ಬೆರಳು, ಬೀಗರ ತಲೆ, ಎಲ್ಲ ಖಚಿತ. ತೆಗೆದವಳು ದೊಡ್ಡಮ್ಮನ ಮೊಮ್ಮಗಳು, ಆರನೇ ಕ್ಲಾಸು, ಅವರಪ್ಪನ ಮೊಬೈಲಿನಲ್ಲಿ. ಒಂದೇ ಒಂದು ಕೊರತೆ. ಫೋಟೋದ ಬಲಭಾಗದಲ್ಲಿ, ಮೂರನೇ ಒಂದು ಪಾಲು ಜಾಗ ನುಂಗಿಕೊಂಡು, ಕಂದು ಬಣ್ಣದ ಮಸುಕು ಗುಡ್ಡವೊಂದು ಅಡ್ಡ ಇತ್ತು. ನಾನು ಹತ್ತಿರ ಹೋಗಿ ನೋಡಿದೆ. ಆ ಪ್ಯಾಂಟು ನನ್ನದೇ. ಕ್ಯಾಮೆರಾ ಹಿಡಿದು ಅಕ್ಕಿ ಕಾಳಿಗೆ ಬಗ್ಗಿದಾಗಿನದು.

ನಮ್ಮ ಗುಂಪಿನವರು ಇದಕ್ಕೆ ಫೋರ್‌ಗ್ರೌಂಡ್ ಇಂಟರೆಸ್ಟ್ ಅನ್ನುತ್ತಾರೆ. ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯಾಕೆ ಮಗು ನೋಡಲು ಬಂದರು. ಫೋಟೋ ಮುಂದೆ ನಿಂತು, "ತುಂಬಾ ಚೆನ್ನಾಗಿ ಬಂದಿದೆ ಕಣ್ರೀ. ಇಲ್ಲಿ ಅಡ್ಡ ಇರೋದು ಏನು?" ಅಂತ ಕೇಳಿದರು.

ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದವರು ತಲೆ ಎತ್ತಲೂ ಇಲ್ಲ.

"ಅದಾ? ಅದು ಬೊಕೆ" ಅಂದರು.